ಪಾಠವೋ, ಭಜನೆಯೋ, ಕರಾವೊಕೆಯೋ: ಹಾಡಲು ಹೆದರುವವರಿಗೆ ಒಂದು ಹೋಲಿಕೆ

ಹಾಡಲು ಹೆದರುವುದು ಬೇರೆ, ಹಾಡಲು ಬಾರದಿರುವುದು ಬೇರೆ. ನಮ್ಮಲ್ಲಿ ಇವೆರಡನ್ನೂ ಒಂದೇ ಎಂದು ತಿಳಿದು, ನಾಲ್ಕು ಜನರ ಮುಂದೆ ದನಿ ತೆಗೆಯಲು ಅಂಜುವವರಿಗೆ ‘ಸಂಗೀತ ಪಾಠಕ್ಕೆ ಸೇರಿಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂದು ಹೇಳುವುದು ರೂಢಿಯಾಗಿದೆ. ವಿದ್ಯೆ ಇದ್ದವರಿಗೆ ಭಯ ಇರುವುದಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. ಅದು ನಿಜವಲ್ಲ. ಅಮೆರಿಕದ ಹೆಸರಾಂತ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕಚೇರಿಯಲ್ಲಿ ಸಾಹಿತ್ಯ ಮರೆತರು. ಆ ಅಂಜಿಕೆ ಬಲಿತು, ಮುಂದೆ ಹಲವು ವರ್ಷ ಸಾರ್ವಜನಿಕ ಕಚೇರಿಗಳನ್ನು ಬಹುಮಟ್ಟಿಗೆ ಬಿಟ್ಟೇ ಇದ್ದರು. ಅವರಿಗೆ ವಿದ್ಯೆಯ ಕೊರತೆ ಇತ್ತೆಂದು ಯಾರೂ ಹೇಳಲಾರರು.

ಮೈಸೂರಿನಲ್ಲಿ ಕೆಲಸ, ಮನೆ ಎರಡನ್ನೂ ನೋಡಿಕೊಳ್ಳುತ್ತ, ಬಿಡುವಿನ ವೇಳೆಯಲ್ಲಿ ಹಾಡಲು ಕಲಿತಿರುವ ನಾನು ನಾಲ್ಕು ದಾರಿಗಳನ್ನು ಪ್ರಯತ್ನಿಸಿದ್ದೇನೆ: ಕರ್ನಾಟಕ ಸಂಗೀತದ ಪಾಠ, ಬಡಾವಣೆಯ ಭಜನಾ ಮಂಡಳಿ, ಮೊಬೈಲಿನ ಕರಾವೊಕೆ ಆ್ಯಪ್, ಮತ್ತು ತಂಬೂರಿ ಇಟ್ಟುಕೊಂಡು ಒಬ್ಬಳೇ ಹಾಡಿ ಅದನ್ನು ಧ್ವನಿಮುದ್ರಿಸಿ ಕೇಳುವ ಅಭ್ಯಾಸ. ಇವುಗಳಲ್ಲಿ ಯಾವುದು ಭಯವನ್ನು ಕಡಿಮೆ ಮಾಡುತ್ತದೆ, ಯಾವುದು ಹಾಡಿಕೆಯನ್ನು ತಿದ್ದುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಗಮನಿಸಿದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ, ಏಕೆಂದರೆ ಒಂದೇ ದಾರಿ ಎರಡನ್ನೂ ಸಮನಾಗಿ ಮಾಡುವುದನ್ನು ನಾನು ಕಾಣಲಿಲ್ಲ.

ಮೊದಲು ಭಯ ಗಂಟಲಿಗೆ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಅಂಜಿದಾಗ ಅಡ್ರಿನಲಿನ್ ಹೆಚ್ಚಿ ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಉಸಿರು ಹೊಟ್ಟೆಯಿಂದ ಮೇಲೆದ್ದು ಎದೆಯಲ್ಲಿ ಮಾತ್ರ ಆಡುತ್ತದೆ, ಕತ್ತಿನ ಸ್ನಾಯುಗಳು ಬಿಗಿದು ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತದೆ. ಪರಿಣಾಮವಾಗಿ ದನಿ ತೆಳುವಾಗುತ್ತದೆ, ನಡುಗುತ್ತದೆ, ಉದ್ದನೆಯ ಸಾಲಿನ ಕೊನೆಗೆ ಉಸಿರು ಸಾಲುವುದಿಲ್ಲ. ಇದನ್ನು ಕೇಳಿಸಿಕೊಂಡವರು ‘ಇವರಿಗೆ ಶ್ರುತಿಜ್ಞಾನ ಇಲ್ಲ’ ಎಂದುಬಿಡುತ್ತಾರೆ. ಸ್ವರಗಳ ವ್ಯತ್ಯಾಸವನ್ನೇ ಗುರುತಿಸಲಾಗದ ನಿಜವಾದ ನ್ಯೂನತೆ ಇರುವವರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ ಎಂಬುದು ತಜ್ಞರ ಅಂದಾಜು. ಉಳಿದವರ ಕಿವಿ ಸರಿಯಾಗಿಯೇ ಇರುತ್ತದೆ. ಆ ಕಿವಿ ಹೇಳಿದ್ದನ್ನು ಗಂಟಲು ಪಾಲಿಸುವಂತೆ ಮಾಡುವುದೇ ಅವರ ಮುಂದಿರುವ ಕೆಲಸ.

ಪಾಠದ ವಿಷಯಕ್ಕೆ ಬರುತ್ತೇನೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ಸಂಪ್ರದಾಯ ಹೇಳುವ ಕ್ರಮದಲ್ಲಿಯೇ ಇಂದಿಗೂ ಕಲಿಕೆ ಆರಂಭವಾಗುತ್ತದೆ: ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಸಪ್ತತಾಳ ಅಲಂಕಾರ ಎಂಬ ಸ್ವರಾಭ್ಯಾಸಗಳು, ಆಮೇಲೆ ಪಿಳ್ಳಾರಿ ಗೀತೆ ಎಂಬ ಸರಳ ಹಾಡುಗಳು. ಮೂಲರಾಗಗಳ ಪಟ್ಟಿಯಾದ ಮೇಳಕರ್ತದಲ್ಲಿ ಹದಿನೈದನೆಯದಾದ ಈ ರಾಗದಲ್ಲಿ ಷಡ್ಜಕ್ಕೆ (ಸ) ತೀರ ಹತ್ತಿರದಲ್ಲಿ ಶುದ್ಧ ರಿಷಭವಿದೆ (ರಿ), ಅದರಿಂದ ಅಂತರ ಗಾಂಧಾರಕ್ಕೆ (ಗ) ದೊಡ್ಡ ಅಂತರವಿದೆ. ಪಂಚಮದ (ಪ) ಮೇಲೆ ಧೈವತ (ದ), ನಿಷಾದಗಳು (ನಿ) ಅದೇ ವಿನ್ಯಾಸವನ್ನು ಮತ್ತೆ ತೋರಿಸುತ್ತವೆ. ಕೆಳಗಿನ ಅರ್ಧವನ್ನು ಕಲಿತ ಕಿವಿ ಮೇಲಿನ ಅರ್ಧವನ್ನು ಊಹಿಸಬಲ್ಲದು. ಹೊಸಬರಿಗೆ ಇದು ದೊಡ್ಡ ಅನುಕೂಲ.

ನನಗೆ ಪಾಠ ಹೇಳುವ ವಿದುಷಿಯವರು ಆರಂಭದ ವಾರಗಳಲ್ಲಿ ಷಡ್ಜ ಬಿಟ್ಟು ಮುಂದೆ ಹೋಗಲು ಬಿಡುತ್ತಿರಲಿಲ್ಲ. ‘ತಂಬೂರಿಯಲ್ಲಿ ನಿಮ್ಮ ದನಿ ಕರಗಬೇಕಮ್ಮ, ಅಲ್ಲಿಯವರೆಗೂ ಸ ಹಿಡಿದುಕೊಂಡೇ ಇರಿ’ ಎನ್ನುತ್ತಿದ್ದರು. ಅವರು ಹೇಳಿದ ಕರಗುವಿಕೆಗೆ ಒಂದು ಭೌತಿಕ ಗುರುತಿದೆ. ನನ್ನ ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಎತ್ತರ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದೂವರೆ ಮನೆ, ಅಲ್ಲಿ ಷಡ್ಜ ಸುಮಾರು 208 ಹರ್ಟ್ಸ್. ನಾನು 211ರಲ್ಲಿ ಹಿಡಿದರೆ ಎರಡು ನಾದಗಳ ನಡುವೆ ಸೆಕೆಂಡಿಗೆ ಮೂರು ಬಾರಿ ಏರಿಳಿಯುವ ಮಿಡಿತ ಕೇಳಿಸುತ್ತದೆ. 209ಕ್ಕೆ ಇಳಿದರೆ ಆ ಮಿಡಿತ ಸೆಕೆಂಡಿಗೆ ಒಂದಾಗುತ್ತದೆ. ಸರಿಯಾಗಿ ಸೇರಿದ ಕ್ಷಣದಲ್ಲಿ ಅದು ನಿಂತುಹೋಗುತ್ತದೆ. ಒಮ್ಮೆ ಕಿವಿ ಇದನ್ನು ಹಿಡಿದ ಮೇಲೆ ಯಾರೂ ತಪ್ಪು ಎಂದು ಹೇಳಬೇಕಾಗಿಲ್ಲ, ಸ್ವರ ಸರಿಯುತ್ತಿರುವುದು ನಮಗೇ ಕೇಳಿಸುತ್ತದೆ. ಉಳಿದ ಮೂರು ದಾರಿಗಳಲ್ಲಿ ಯಾವುದೂ ನನಗೆ ಈ ಕಿವಿಯನ್ನು ಕೊಡುತ್ತಿರಲಿಲ್ಲ. ಮಂದ್ರಸ್ಥಾಯಿಯ (ಕೆಳಗಿನ ಸ್ವರಗಳ) ಸಾಧನೆ, ಸ್ವರದ ಹೆಸರಿಲ್ಲದೆ ‘ಅ’ ಎಂದು ಹಾಡುವ ಅಕಾರ ಸಾಧನೆ, ಒಂದೇ ವರಸೆಯನ್ನು ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಹಾಡುವುದು, ಇವು ಉಸಿರಿಗೂ ಲಯಕ್ಕೂ ಕೊಟ್ಟ ಬಲ ಇನ್ನೊಂದೆಡೆ ಸಿಗುವಂಥದ್ದಲ್ಲ.

ಆದರೆ ಭಯದ ಮಟ್ಟಿಗೆ ಪಾಠ ಬಹಳ ನಿಧಾನ. ತಪ್ಪನ್ನು ಆಲಿಸುವುದೇ ಗುರುವಿನ ಕೆಲಸವಾದ್ದರಿಂದ, ಅಂಜುವ ವಿದ್ಯಾರ್ಥಿಗೆ ಪ್ರತಿ ತರಗತಿಯೂ ಪರೀಕ್ಷೆಯಂತೆ ಕಾಣುತ್ತದೆ. ಇದಕ್ಕೆ ಮುಂಚೆ ನಾನು ಹೋಗುತ್ತಿದ್ದ ಇನ್ನೊಂದು ಸಂಗೀತ ಶಾಲೆಯಲ್ಲಿ ಜೂನಿಯರ್ ಪರೀಕ್ಷೆಯ ಪಠ್ಯವನ್ನು ಮುಗಿಸುವುದೇ ಮುಖ್ಯವಾಗಿತ್ತು. ಶಾಲೆಯ ಮಕ್ಕಳ ಜೊತೆ ಕುಳಿತು ಅವರ ವೇಗಕ್ಕೆ ಗೀತೆಗಳನ್ನು ಬಾಯಿಪಾಠ ಮಾಡುವಾಗ ನನ್ನ ದನಿ ತುಟಿಯಿಂದ ಆಚೆ ಬರುತ್ತಲೇ ಇರಲಿಲ್ಲ, ಅದನ್ನು ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ವಯಸ್ಕರು ಪಾಠಕ್ಕೆ ಸೇರುವುದಾದರೆ, ಒಬ್ಬರನ್ನೇ ಅಥವಾ ಇಬ್ಬರನ್ನು ಕೂರಿಸಿಕೊಂಡು ಹೇಳಿಕೊಡುವವರನ್ನು ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆನ್‌ಲೈನ್ ಪಾಠದಲ್ಲಿ ದನಿ ತಡವಾಗಿ ತಲುಪುವುದರಿಂದ ಗುರು-ಶಿಷ್ಯರು ಒಟ್ಟಿಗೆ ಹಾಡಲಾಗದು. ಒಬ್ಬರು ಹಾಡಿ ನಿಲ್ಲಿಸಿದ ಮೇಲೆಯೇ ಇನ್ನೊಬ್ಬರು ಹಾಡಬೇಕು. ಹೊರದೇಶದಲ್ಲಿರುವ ಕನ್ನಡಿಗರಿಗೆ ಬೇರೆ ದಾರಿ ಇಲ್ಲದಿರಬಹುದು, ಆದರೆ ಅಂಜುವವರಿಗೆ ಗುರುವಿನ ದನಿಯ ಆಸರೆ ಅಲ್ಲಿ ತಪ್ಪುತ್ತದೆ.

ಆ ಆಸರೆ ಧಾರಾಳವಾಗಿ ಸಿಗುವುದು ಭಜನೆಯಲ್ಲಿ. ನಮ್ಮ ಬಡಾವಣೆಯ ಮಂಡಳಿಯಲ್ಲಿ ಒಬ್ಬರು ಸಾಲನ್ನು ಹೇಳಿಕೊಡುತ್ತಾರೆ, ಉಳಿದವರೆಲ್ಲ ಅದನ್ನೇ ಹೇಳುತ್ತಾರೆ. ಹಾರ್ಮೋನಿಯಂ, ತಾಳ, ಒಮ್ಮೊಮ್ಮೆ ಕಂಜಿರ ಇರುತ್ತವೆ. ಇಪ್ಪತ್ತು ದನಿಗಳ ನಡುವೆ ನನ್ನದೂ ಒಂದು ಎಂದಾಗ ಗಂಟಲು ತಾನಾಗಿ ಸಡಿಲವಾಗುತ್ತದೆ. ಧನುರ್ಮಾಸದ ಮುಂಜಾವಿನ ಭಜನೆಯಲ್ಲಂತೂ ಚಳಿಗೆ ಎಲ್ಲರ ಗಂಟಲೂ ಕಟ್ಟಿರುತ್ತದೆ, ಯಾರ ದನಿ ಹೇಗಿದೆ ಎಂದು ಅಳೆಯುವ ಗೊಡವೆಗೆ ಯಾರೂ ಹೋಗುವುದಿಲ್ಲ. ಹಾಡು ದೇವರಿಗೆ, ಕೇಳುಗರಿಗಲ್ಲ ಎಂಬ ಭಾವನೆ ಅಲ್ಲಿ ಬರಿಯ ಮಾತಲ್ಲ. ಅದು ಹಾಡುವವರ ಗಮನವನ್ನು ತಮ್ಮ ಮೇಲಿಂದ ತೆಗೆದು ಸಾಹಿತ್ಯದ ಮೇಲೆ ಇಡುತ್ತದೆ. ಅಂಜಿಕೆಯ ಬೇರು ಇರುವುದೇ ನಮ್ಮ ಮೇಲೆ ನಾವೇ ಇಟ್ಟ ಅತಿಯಾದ ಗಮನದಲ್ಲಿ.

ಭಜನೆಯ ನಿಜವಾದ ಶಕ್ತಿ ಅದರ ಮೆಟ್ಟಿಲುಗಳಲ್ಲಿದೆ ಎಂದು ನನಗೆ ತಿಳಿದದ್ದು ಸ್ವಲ್ಪ ಕಾಲದ ಮೇಲೆ. ಮೊದಲು ಗುಂಪಿನಲ್ಲಿ ಹೇಳುವುದು. ನಂತರ ಮುಂದೆ ಹೇಳಿಕೊಡುವವರ ಪಕ್ಕದಲ್ಲಿ ಕುಳಿತು ಹೇಳುವುದು. ಆಮೇಲೆ ನಾಮಾವಳಿಯ ಒಂದು ಸಾಲನ್ನು ತಾನೇ ಎತ್ತಿಕೊಡುವುದು. ಕೊನೆಗೆ ಸರದಿ ಬಂದಾಗ ಒಂದು ಪೂರ್ತಿ ದೇವರನಾಮವನ್ನು ಒಬ್ಬರೇ ಹೇಳುವುದು. ಮಂಡಳಿಯ ಹಿರಿಯರೊಬ್ಬರು ‘ಪಲ್ಲವಿ ಮಾತ್ರ ನೀವು ಎತ್ತಿ, ನಾವೆಲ್ಲ ಹಿಡ್ಕೋತೀವಿ’ ಎಂದು ಹೇಳಿದ್ದು ನನ್ನನ್ನು ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರಿಸಿತು. ಭಯ ಹುಟ್ಟಿಸುವ ಸಂದರ್ಭವನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಎದುರಿಸುವುದರಿಂದ ಭಯ ತಗ್ಗುತ್ತದೆ ಎಂಬ, ಮನಃಶಾಸ್ತ್ರಜ್ಞರು ಚಿಕಿತ್ಸೆಯಲ್ಲಿ ಬಳಸುವ ತತ್ವವನ್ನೇ ನಮ್ಮ ಭಜನಾ ಪದ್ಧತಿ ಸಹಜವಾಗಿ ನಡೆಸಿಕೊಂಡು ಬಂದಿದೆ.

ಹಾಡಿಕೆಯನ್ನು ತಿದ್ದುವುದರಲ್ಲಿ ಮಾತ್ರ ಭಜನೆ ದುರ್ಬಲ. ತಾಳದ ಸದ್ದಿನಲ್ಲಿ ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ಶ್ರುತಿಯ ತೊಡಕೂ ಇದೆ: ಗಂಡಸರಿಗೆ ಸಾಮಾನ್ಯವಾಗಿ ಒಂದು, ಒಂದೂವರೆ ಮನೆ ಹೊಂದುತ್ತದೆ, ಹೆಂಗಸರಿಗೆ ಐದರಿಂದ ಆರು, ಇಬ್ಬರೂ ಕೂಡಿ ಹಾಡುವಾಗ ಯಾರೋ ಒಬ್ಬರು ಕಿರುಚಬೇಕು, ಇಲ್ಲವೇ ಗಂಟಲೊಳಗೆ ಗುನುಗಬೇಕು. ಹೀಗೆ ಹೊಂದದ ಶ್ರುತಿಯಲ್ಲಿ ಗಂಟೆಗಟ್ಟಲೆ ಹಾಡಿದರೆ ದನಿ ಒಡೆಯುತ್ತದೆ. ಒಡೆದ ದನಿ ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಷಾಯವನ್ನೇ ನಂಬಿ ಕೂರದೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು.

ಕರಾವೊಕೆ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಗೀತೆ ಹಾಡುವವರಿಗೆ ಅವು ಒಂದು ಸಂಗತಿಯನ್ನು ಚೆನ್ನಾಗಿ ಕಲಿಸುತ್ತವೆ: ನಡುವಿನ ವಾದ್ಯಸಂಗೀತ ಮುಗಿದ ಕೂಡಲೇ ಸರಿಯಾದ ಮಾತ್ರೆಗೆ ಚರಣ ಎತ್ತಿಕೊಳ್ಳುವುದು. ಉಳಿದಂತೆ, ಪರದೆಯ ಮೇಲೆ ಓಡುವ ಗೆರೆಗೆ ಸ್ವರವನ್ನು ಹೊಂದಿಸುವಾಗ ದುಡಿಯುವುದು ಕಣ್ಣು, ಕಿವಿಯಲ್ಲ. ಆ್ಯಪ್ ಸೇರಿಸುವ ಅನುರಣನ ದನಿಯ ನಡುಕವನ್ನು ಮುಚ್ಚುತ್ತದೆ, ಇಷ್ಟವಾಗದ್ದನ್ನು ಅಳಿಸಿ ಮತ್ತೆ ಹಾಡಬಹುದು. ಹಾಗಾಗಿ ಅಲ್ಲಿ ಬಂದ ಧೈರ್ಯ ಮದುವೆಮನೆಯ ಮೈಕಿನ ಮುಂದೆ ಜೊತೆಗೆ ಬರುವುದಿಲ್ಲ. ಬಳಸುವುದೇ ಆದರೆ ಬ್ಲೂಟೂತ್ ಬಿಟ್ಟು ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ, ಏಕೆಂದರೆ ಬ್ಲೂಟೂತಿನಲ್ಲಿ ದನಿ ತಡವಾಗಿ ಬಂದು ಲಯ ಕೆಡುತ್ತದೆ. ಟ್ರ್ಯಾಕಿನ ಶ್ರುತಿಯನ್ನು ನಿಮ್ಮ ಶ್ರುತಿಗೆ ಹೊಂದಿಸಿಕೊಳ್ಳುವ ಸೌಲಭ್ಯವಿದ್ದರೆ ಅದನ್ನೂ ತಪ್ಪದೆ ಬಳಸಿ.

ಹೀಗಿದ್ದರೂ ಕರಾವೊಕೆಗೆ ಸಂಬಂಧಿಸಿದ ಒಂದು ಪ್ರಯೋಗದಿಂದ ನನಗೆ ನೆರವಾಗಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮುಂದೆ ಹಾಡುವ ಮುನ್ನ ‘ನನಗೆ ಆತಂಕವಾಗುತ್ತಿದೆ’ ಎಂದು ಹೇಳಿಕೊಂಡವರಿಗಿಂತ ‘ನಾನು ಉತ್ಸಾಹದಲ್ಲಿದ್ದೇನೆ’ ಎಂದು ಹೇಳಿಕೊಂಡವರು ಉತ್ತಮವಾಗಿ ಹಾಡಿದರು. ಅವರ ಸ್ವರ, ಲಯಗಳನ್ನು ಅಳೆದದ್ದು ಕರಾವೊಕೆ ಆಟದ ತಂತ್ರಾಂಶವೇ. ಎದೆ ಬಡಿತ ಎರಡು ಸ್ಥಿತಿಯಲ್ಲೂ ಏರಿರುತ್ತದೆ, ಅದನ್ನು ಇಳಿಸಲು ಹೆಣಗುವುದಕ್ಕಿಂತ ಅದಕ್ಕೆ ಬೇರೆ ಅರ್ಥ ಕೊಡುವುದು ಸುಲಭ. ಭಜನೆಯಲ್ಲಿ ನನ್ನ ಸರದಿ ಬರುವ ಮುನ್ನ ‘ಈಗ ಹಾಡುವ ಹುರುಪು ಬಂದಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುತ್ತೇನೆ. ನಡುಕ ಪೂರ್ತಿ ಹೋಗುವುದಿಲ್ಲ, ಆದರೆ ಮೊದಲ ಸಾಲಿನಾಚೆಗೆ ಉಳಿಯುವುದಿಲ್ಲ.

ನಾಲ್ಕನೆಯದು, ಒಬ್ಬರೇ ಹಾಡಿ ಮುದ್ರಿಸಿ ಕೇಳುವುದು. ಬೆಂಗಳೂರಿನ ರಾಡೆಲ್ ಸಂಸ್ಥೆಯನ್ನು ಕಟ್ಟಿದ, ಎಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜನಾರಾಯಣ್ ಅವರಂಥವರ ಶ್ರಮದಿಂದ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಗೂ ಬಂದಿದೆ. ಈಗ ಮೊಬೈಲಿನಲ್ಲಿ ಉಚಿತವಾಗಿಯೂ ಸಿಗುತ್ತದೆ. ತಂಬೂರಿ ಒಂದೆಡೆ, ಮುದ್ರಿಸುವ ಮೊಬೈಲ್ ಒಂದು ಮಾರು ದೂರದಲ್ಲಿ, ಇಷ್ಟೇ ಸಲಕರಣೆ. ಮೊದಲ ಸಲ ಕೇಳಿದಾಗ ಬಹುತೇಕರಿಗೆ ತಮ್ಮ ದನಿ ತೆಳುವಾಗಿ, ಪರರದ್ದೆಂಬಂತೆ ಕೇಳಿಸಿ ಬೇಸರವಾಗುತ್ತದೆ. ಇದಕ್ಕೆ ಕಾರಣ ಹಾಡಿಕೆಯ ದೋಷವಲ್ಲ. ನಾವು ಹಾಡುವಾಗ ನಮ್ಮ ದನಿ ಗಾಳಿಯ ಮೂಲಕವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಯನ್ನು ತಲುಪುತ್ತದೆ, ಮೂಳೆಯ ದಾರಿಯಲ್ಲಿ ಮಂದ್ರದ ಅಂಶ ಗಾಢವಾಗಿ ಕೇಳಿಸುತ್ತದೆ. ಮುದ್ರಣದಲ್ಲಿ ಗಾಳಿಯ ದಾರಿ ಮಾತ್ರ ಇರುತ್ತದೆ. ಅಂದರೆ ಬೇರೆಯವರು ಎಂದಿನಿಂದಲೂ ಕೇಳುತ್ತಿರುವುದು, ಮತ್ತೆ ಹಾಡಿ ಎಂದು ಕರೆದದ್ದು, ಆ ದನಿಯನ್ನೇ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯೆಂಬಷ್ಟು ಗಡುಸಾಯಿತು; ಅವರು ಅದೇ ದನಿಯಲ್ಲಿ ದಶಕಗಳ ಕಾಲ ಹಾಡಿ ಹಿಂದುಸ್ತಾನಿ ಸಂಗೀತದಲ್ಲಿ ಅದಕ್ಕೊಂದು ಘನತೆ ತಂದರು. ನನ್ನ ದನಿ ಹೀಗೇಕೆ ಎಂದು ಕೊರಗುವವರಿಗೆ ನಾನು ಮೊದಲು ಹೇಳುವುದು ಅವರ ಹೆಸರನ್ನೇ.

ಮುದ್ರಿಸಿದ್ದನ್ನು ಹಾಡಿದ ಕೂಡಲೇ ಕೇಳದೆ ಮರುದಿನ ಕೇಳುವುದು ಒಳ್ಳೆಯದು, ಆಗ ಹಾಡುವಾಗಿನ ಉದ್ವೇಗ ಇರುವುದಿಲ್ಲ. ಒಂದು ಸಲಕ್ಕೆ ಒಂದೇ ಅಂಶವನ್ನು ಗಮನಿಸಬೇಕು. ಒಂದು ದಿನ ಶ್ರುತಿ ಮಾತ್ರ, ಇನ್ನೊಂದು ದಿನ ಉಸಿರು ಪದದ ನಡುವೆ ತುಂಡಾಗುತ್ತಿದೆಯೇ ಎಂಬುದು ಮಾತ್ರ, ಮತ್ತೊಂದು ದಿನ ಮಹಾಪ್ರಾಣಗಳು, ‘ಳ’ಕಾರಗಳು ಸರಿಯಾಗಿ ಬಂದಿವೆಯೇ ಎಂಬುದು ಮಾತ್ರ. ಹೀಗೆ ಕೇಳುತ್ತ ಹೋದಾಗ, ನಾನು ಪಲ್ಲವಿಯಲ್ಲಿ ಶುದ್ಧವಾಗಿರುವ ರಿಷಭವನ್ನು ತಾರಸ್ಥಾಯಿಯಿಂದ ಇಳಿಯುವಾಗ ಮಾತ್ರ ಏರಿಸುತ್ತೇನೆ ಎಂಬ ಸೂಕ್ಷ್ಮ ನನಗೇ ತಿಳಿಯಿತು. ಇದನ್ನು ತರಗತಿಯಲ್ಲಿ ಹೇಳಿದಾಗ ವಿದುಷಿಯವರು ಆ ಇಳಿಕೆಯನ್ನು ಬಿಡಿಸಿ ನಾಲ್ಕು ಸ್ವರಗಳ ತುಣುಕು ಮಾಡಿ ಸಾಧನೆ ಕೊಟ್ಟರು. ಪಾಠದ ಫಲ ಇಮ್ಮಡಿಯಾಗುವುದು ಹೀಗೆ. ಆದರೆ ಕೇಳುಗರೇ ಇಲ್ಲದ ಕೋಣೆಯಲ್ಲಿ ನಡೆಯುವ ಈ ಅಭ್ಯಾಸದಿಂದ ಸಭಾಕಂಪ ಹೋಗುತ್ತದೆಂದು ನಿರೀಕ್ಷಿಸಬಾರದು.

ಹಾಗಾದರೆ ಯಾರಿಗೆ ಯಾವುದು? ಬಾಯಿ ತೆರೆದರೆ ದನಿಯೇ ಹೊರಡದಷ್ಟು ಅಂಜುವವರು ಪಾಠಕ್ಕೆ ಸೇರುವ ಮುನ್ನ ಕೆಲವು ತಿಂಗಳು ಭಜನೆಗೆ, ಅದು ಒಗ್ಗದಿದ್ದರೆ ಭಾವಗೀತೆಗಳ ಸಮೂಹ ಗಾಯನಕ್ಕೆ ಹೋಗುವುದು ಸರಿಯೆಂದು ನಾನು ನಂಬುತ್ತೇನೆ. ಅಂಜಿಕೆ ಇಲ್ಲದೆ ಹಾಡುತ್ತಾರೆ, ಆದರೆ ಶ್ರುತಿ ನಿಲ್ಲುವುದಿಲ್ಲ ಎನ್ನುವವರು ನೇರವಾಗಿ ಗುರುಗಳ ಬಳಿ ಹೋಗಲಿ. ಮುದ್ರಿಸಿ ಕೇಳುವುದನ್ನು ಇಬ್ಬರೂ ಮಾಡಬೇಕು, ಆದರೆ ಅತಿಯಾಗಿ ಅಂಜುವವರು ಅದನ್ನು ಮೊದಲ ತಿಂಗಳೇ ಆರಂಭಿಸಬಾರದು. ದನಿಯ ಪರಿಚಯವಾಗುವ ಮುನ್ನವೇ ಅದನ್ನು ತೂಗಲು ಕೂತರೆ ಹಾಡುವುದನ್ನೇ ಬಿಡುವ ಅಪಾಯವಿದೆ. ಕರಾವೊಕೆ ಇಲ್ಲದೆಯೂ ನಡೆಯುತ್ತದೆ. ಖರ್ಚಿನ ಲೆಕ್ಕದಲ್ಲಿ ಹಣ ಬೇಕಾಗುವುದು ಬಹುಮಟ್ಟಿಗೆ ಪಾಠಕ್ಕೆ ಮಾತ್ರ, ಮಿಕ್ಕವಕ್ಕೆ ಬೇಕಾದದ್ದು ಸಮಯ.

ಈಗ ನಾನು ಬೆಳಿಗ್ಗೆ ಅಡುಗೆಗೆ ಮುಂಚೆ ಅರ್ಧ ಗಂಟೆ ಮಂದ್ರ ಸಾಧನೆ ಮತ್ತು ಅಲಂಕಾರಗಳನ್ನು ಮಾಡುತ್ತೇನೆ, ವಾರಕ್ಕೆರಡು ಬಾರಿ ಪಾಠಕ್ಕೆ ಹೋಗುತ್ತೇನೆ, ಶನಿವಾರ ಸಂಜೆ ಭಜನೆ ತಪ್ಪಿಸುವುದಿಲ್ಲ. ಭಜನೆಯಲ್ಲಿ ಒಬ್ಬಳೇ ಹೇಳುವ ದೇವರನಾಮವನ್ನು ಕನಿಷ್ಠ ಒಂದು ವಾರ ಮೊದಲೇ ಆರಿಸಿ, ನನ್ನ ಐದೂವರೆ ಮನೆಯನ್ನೇ ಹಾರ್ಮೋನಿಯಂ ನುಡಿಸುವವರಿಗೆ ತಿಳಿಸಿಡುತ್ತೇನೆ.