ಲೈಟ್ ಹೆವಿವೇಟ್ ಹಳೇ ಫೈಟ್‌ಗಳು: ಯಾವ ಕಾಲಕ್ಕೆ ಎಷ್ಟು ಸ್ಟಾರ್?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. 175 ಪೌಂಡ್ ಮಿತಿಯ ಲೈಟ್ ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಕೂತು ನೋಡಲೇಬೇಕಾದ ಕಾಲ 1976ರಿಂದ 1983. ಐದಕ್ಕೆ ಐದು ಸ್ಟಾರ್. ಆಮೇಲಿನ ಕಾಲದ ಚಾಂಪಿಯನ್ ರಾಯ್ ಜೋನ್ಸ್ ಅಭಿಮಾನಿಗಳು ಇಲ್ಲೇ ಜಗಳಕ್ಕೆ ನಿಲ್ಲುತ್ತಾರೆ ಅಂತ ಗೊತ್ತು. ಅವನ ಸರದಿಯೂ ಬರುತ್ತದೆ, ಸ್ವಲ್ಪ ತಾಳಿ.

ನಾನು ನೋಡುವ ರೀತಿ ಇಷ್ಟೆ. ಕಾಮೆಂಟರಿ ಮ್ಯೂಟ್ ಮಾಡುತ್ತೇನೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ರೌಂಡ್ ರೌಂಡಿಗೂ ನನ್ನದೇ ಸ್ಕೋರ್ ಬರೆಯುತ್ತೇನೆ. ಹೈಲೈಟ್ಸ್ ನೋಡುವುದೇ ಇಲ್ಲ. ಎರಡು ನಿಮಿಷದ ತುಣುಕಿನಲ್ಲಿ ಎಲ್ಲರೂ ರಾಕ್ಷಸರೇ ಅಲ್ವಾ? ಸ್ಟಾರ್ ಕೊಡುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ಆ ಕಾಲದ ಒಳ್ಳೆಯವರು ಒಬ್ಬರನ್ನೊಬ್ಬರು ಎದುರಿಸಿದರೋ, ಇಲ್ಲ ತಪ್ಪಿಸಿಕೊಂಡು ಓಡಾಡಿದರೋ?

ತೀರಾ ಹಳೆಯ ಕಾಲಕ್ಕೆ ನಾನು ಸ್ಟಾರ್ ಕೊಡುವುದಿಲ್ಲ. ವಿಭಾಗ ಶುರುವಾದದ್ದು 1903ರಲ್ಲಿ, ಮೊದಲ ಚಾಂಪಿಯನ್ ಜ್ಯಾಕ್ ರೂಟ್. 1922ರಲ್ಲಿ ಹ್ಯಾರಿ ಗ್ರೆಬ್ ಜೀನ್ ಟನ್ನಿಯನ್ನು ಸೋಲಿಸಿದ. ಟನ್ನಿ ಇಡೀ ವೃತ್ತಿಯಲ್ಲಿ ಸೋತದ್ದು ಅದೊಂದೇ ಸಲ. ಆದರೆ ಗ್ರೆಬ್ ಫೈಟ್ ಮಾಡುತ್ತಿರುವ ಒಂದು ಫಿಲ್ಮ್ ಕೂಡ ಉಳಿದಿಲ್ಲ. ನೋಡದೇ ಇರುವುದಕ್ಕೆ ಅಂಕ ಕೊಡುವುದು ಹೇಗೆ?

ಆರ್ಚಿ ಮೂರ್ ಕಾಲಕ್ಕೆ, ಅಂದರೆ 1940 ಮತ್ತು 50ರ ದಶಕಕ್ಕೆ, ನಾಲ್ಕೂವರೆ ಸ್ಟಾರ್. ಆ ಅರ್ಧ ಕಳೆದದ್ದು ಬಾಕ್ಸರ್‌ಗಳ ತಪ್ಪಿಗಲ್ಲ, ಫಿಲ್ಮ್‌ನ ಕೊರತೆಗೆ. ಎಝರ್ಡ್ ಚಾರ್ಲ್ಸ್ 1946ರಿಂದ 48ರ ಒಳಗೆ ಮೂರ್‌ನನ್ನು ಮೂರು ಸಲ ಸೋಲಿಸಿದ. ಮೂರನೆಯದು ಎಂಟನೇ ರೌಂಡ್‌ನಲ್ಲಿ ನಾಕೌಟ್. ಈ ತೂಕದಲ್ಲಿ ಅವನಷ್ಟು ಪೂರ್ತಿ ಬಾಕ್ಸರ್ ಇನ್ನೊಬ್ಬ ಇರಲಿಲ್ಲ ಅನ್ನುವವರು ಬಹಳ. ಆದರೂ ಅವನಿಗೆ ಲೈಟ್ ಹೆವಿವೇಟ್ ಪಟ್ಟ ಸಿಗಲೇ ಇಲ್ಲ. ಅವನು ಆ ಕಾಲದಲ್ಲಿ ಆಡಿದ ಫೈಟ್‌ಗಳು ನೋಡಲು ಸಿಗುವುದು ತೀರಾ ಕಡಿಮೆ. ಹೊಟ್ಟೆ ಉರಿಯುವ ವಿಷಯ.

ಮೂರ್ ಪಟ್ಟಕ್ಕಾಗಿ ವರ್ಷಗಟ್ಟಲೆ ಕಾದ. 1952ರ ಡಿಸೆಂಬರ್‌ನಲ್ಲಿ ಜೋಯಿ ಮ್ಯಾಕ್ಸಿಮ್‌ನನ್ನು ಸೋಲಿಸಿ ಗೆದ್ದಾಗ ಅವನಿಗೆ 36 ಅಥವಾ 39 ವರ್ಷ. ಹುಟ್ಟಿದ ವರ್ಷ 1913 ಅಂತ ಒಂದು ಲೆಕ್ಕ, 1916 ಅಂತ ಇನ್ನೊಂದು. ಇವನ ಕಾಲದಿಂದ ಒಂದೇ ಒಂದು ಫೈಟ್ ನೋಡುವುದಾದರೆ 1958ರ ಡಿಸೆಂಬರ್ 10, ಮಾಂಟ್ರಿಯಲ್, ಎದುರಾಳಿ ಇವಾನ್ ಡ್ಯುರೆಲ್. ಮೊದಲನೇ ರೌಂಡ್‌ನಲ್ಲೇ ಮೂರ್ ಮೂರು ಸಲ ಬೀಳುತ್ತಾನೆ. ಐದರಲ್ಲಿ ಮತ್ತೆ ಬೀಳುತ್ತಾನೆ. ಹನ್ನೊಂದರಲ್ಲಿ ನಾಕೌಟ್ ಮಾಡಿ ಗೆಲ್ಲುತ್ತಾನೆ! ಆ ಮೊದಲ ರೌಂಡ್‌ನಲ್ಲಿ ಅವನು ಎದ್ದೇಳುವುದನ್ನು ಗಮನಿಸಿ. ಗಾಬರಿಯೇ ಇಲ್ಲ. ಕೈ ಅಡ್ಡ ಕಟ್ಟಿಕೊಂಡು, ಭುಜ ಮುಂದಿಟ್ಟು, ಹೇಗೋ ಕಾಲ ತಳ್ಳುತ್ತಾನೆ. ಫಿಲ್ಮ್ ಕಪ್ಪುಬಿಳುಪು, ಚಿತ್ರ ಮಸುಕು. ಹತ್ತು ನಿಮಿಷದಲ್ಲಿ ಅದು ಮರೆತೇಹೋಗುತ್ತದೆ.

ಬಾಬ್ ಫಾಸ್ಟರ್ ಕಾಲವನ್ನು ಬೇಗ ಮುಗಿಸುತ್ತೇನೆ. 1968ರಲ್ಲಿ ಡಿಕ್ ಟೈಗರ್‌ನನ್ನು ನಾಲ್ಕನೇ ರೌಂಡ್‌ನಲ್ಲಿ ಎಡಗೈ ಹುಕ್‌ನಿಂದ (ಬದಿಯಿಂದ ಬಾಗಿಸಿ ಹೊಡೆಯುವ ಗುದ್ದು) ಮಲಗಿಸಿದ್ದು ಈ ತೂಕದ ಅತಿ ಭಯಂಕರ ಗುದ್ದುಗಳಲ್ಲಿ ಒಂದು. ಫಾಸ್ಟರ್ 14 ಸಲ ಪಟ್ಟ ಉಳಿಸಿಕೊಂಡ. ಆದರೆ ಸಾಟಿಯಾಗುವ ಎದುರಾಳಿಗಳು ಅವನಿಗೆ ಜಾಸ್ತಿ ಸಿಗಲಿಲ್ಲ. ಮೇಲಿನ ಹೆವಿವೇಟ್ ತೂಕಕ್ಕೆ ಹೋದರೆ ಜೋ ಫ್ರೇಜಿಯರ್, ಮುಹಮ್ಮದ್ ಅಲಿ ಇಬ್ಬರೂ ಮಲಗಿಸಿದರು. ಮೂರು ಸ್ಟಾರ್.

ಈಗ ನನ್ನ ಐದು ಸ್ಟಾರ್ ಕಾಲಕ್ಕೆ ಬರೋಣ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಶುರು ಮಾಡಬೇಕಾದ್ದು 1976ರ ಮೇ 22ರಿಂದ. ಜೋಹಾನ್ಸ್‌ಬರ್ಗ್‌ನಲ್ಲಿ ಅರ್ಜೆಂಟೀನಾದ ವಿಕ್ಟರ್ ಗಲಿಂಡೆಜ್, ಅಮೆರಿಕದ ರಿಚಿ ಕೇಟ್ಸ್. ಮೂರನೇ ರೌಂಡ್‌ನಲ್ಲಿ ತಲೆಗೆ ತಲೆ ತಾಗಿ ಗಲಿಂಡೆಜ್ ಕಣ್ಣಿನ ಮೇಲೆ ದೊಡ್ಡ ಗಾಯ. ಮುಖವೆಲ್ಲಾ ರಕ್ತ. ಅದನ್ನು ಅವನು ರೆಫರಿಯ ಅಂಗಿಗೆ ಒರೆಸುತ್ತಾನೆ, ಕೊನೆಗೆ ಆ ಅಂಗಿ ನೋಡಲಾಗುವುದಿಲ್ಲ. ಗೆದ್ದದ್ದು 15ನೇ ರೌಂಡ್‌ನ ಕೊನೆಯ ಕ್ಷಣಗಳಲ್ಲಿ, ನಾಕೌಟ್ ಮಾಡಿ. ರಕ್ತ ಕಂಡರೆ ಆಗದವರು ಇದನ್ನು ಬಿಟ್ಟು ಮುಂದೆ ಹೋಗಿ.

ಆಮೇಲೆ ಮ್ಯಾಥ್ಯೂ ಸಾದ್ ಮುಹಮ್ಮದ್. ಚಿಕ್ಕ ಮಗುವಾಗಿದ್ದಾಗ ಇವನನ್ನು ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಪಾರ್ಕ್‌ವೇಯಲ್ಲಿ ಬಿಟ್ಟುಹೋಗಿದ್ದರು. ಸಾಕಿದ ಸನ್ಯಾಸಿನಿಯರು ಆ ರಸ್ತೆಯ ಹೆಸರನ್ನೇ ಸೇರಿಸಿ ಮ್ಯಾಥ್ಯೂ ಫ್ರಾಂಕ್ಲಿನ್ ಅಂತ ಕರೆದರು. ಸಾದ್ ಮುಹಮ್ಮದ್ ಅನ್ನುವ ಹೆಸರು ಆಮೇಲೆ ಇಟ್ಟುಕೊಂಡದ್ದು. 1979ರಲ್ಲಿ ಮಾರ್ವಿನ್ ಜಾನ್ಸನ್‌ನನ್ನು ಅವನದೇ ಊರಾದ ಇಂಡಿಯಾನಪೊಲಿಸ್‌ನಲ್ಲಿ ಎಂಟನೇ ರೌಂಡ್‌ನಲ್ಲಿ ನಿಲ್ಲಿಸಿ ಪಟ್ಟ ಗೆದ್ದ. ಇವನ ಫೈಟ್‌ಗಳಲ್ಲಿ ಒಂದು ಕಡೆ ಖಂಡಿತ ಅನಿಸುತ್ತದೆ, ಮುಗೀತು ಇವನ ಕಥೆ ಅಂತ. ಮುಗಿಯುವುದಿಲ್ಲ. 1980ರ ಜುಲೈ 13ರಂದು ನ್ಯೂಜೆರ್ಸಿಯಲ್ಲಿ ಯಾಕಿ ಲೋಪೆಜ್ ಜೊತೆ ಎರಡನೇ ಫೈಟ್. ಎಂಟನೇ ರೌಂಡ್‌ನಲ್ಲಿ ಲೋಪೆಜ್ ಸುಮ್ನೆ ಗುದ್ದುತ್ತಲೇ ಇರುತ್ತಾನೆ, ಒಂದಕ್ಕೂ ಉತ್ತರ ಬರುವುದಿಲ್ಲ. ಇವತ್ತಿನ ರೆಫರಿ ಆಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದರು. ಸಾದ್ ಹಗ್ಗಕ್ಕೆ ಒರಗಿಕೊಂಡೇ ಅದನ್ನು ದಾಟಿ, 14ನೇ ರೌಂಡ್‌ನಲ್ಲಿ ಲೋಪೆಜ್‌ನನ್ನು ಮುಗಿಸಿದ. ನಾನು ಮೊದಲು ತರಿಸಿಕೊಂಡ ಕಾಪಿಯಲ್ಲಿ ಆ ಎಂಟನೇ ರೌಂಡನ್ನೇ ಅರ್ಧಕ್ಕೆ ಕತ್ತರಿಸಿದ್ದರು. ಮಾರಿದವರು ಯಾರು ಅಂತ ಹೇಳಲ್ಲ, ಆದರೆ ಇಡ್ಲಿ ಕೊಟ್ಟು ಚಟ್ನಿ ಮರೆತ ಹಾಗಾಯಿತು. ನೀವು ತೆಗೆದುಕೊಳ್ಳುವಾಗ ಒಟ್ಟು ಅವಧಿ ನೋಡಿಕೊಳ್ಳಿ.

ಸಾದ್‌ನನ್ನು ಇಳಿಸಿದ್ದು ಡ್ವೈಟ್ ಮುಹಮ್ಮದ್ ಕಾವಿ, 1981ರ ಡಿಸೆಂಬರ್‌ನಲ್ಲಿ. ಗಿಡ್ಡ ಆಸಾಮಿ, ಐದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅವನು ಮೊದಲು ನ್ಯೂಜೆರ್ಸಿಯ ರಾಹ್ವೇ ಜೈಲಿನಲ್ಲಿದ್ದವನು. ಅದೇ ಜೈಲಿನ ಒಳಗೇ ಖೈದಿ ಜೇಮ್ಸ್ ಸ್ಕಾಟ್ ಬಾಕ್ಸಿಂಗ್ ಆಡುತ್ತಿದ್ದ, ಟಿವಿಯಲ್ಲೂ ಬರುತ್ತಿತ್ತು! ಅಷ್ಟರಲ್ಲಿ ಬಿಡುಗಡೆಯಾಗಿದ್ದ ಕಾವಿ 1981ರಲ್ಲಿ ಅದೇ ಜೈಲಿಗೆ ಹೋಗಿ ಸ್ಕಾಟ್‌ನನ್ನು ಸೋಲಿಸಿ ಬಂದ. ಕಥೆ ಕಟ್ಟಿದರೂ ಯಾರೂ ನಂಬುವುದಿಲ್ಲ.

ಕೊನೆಗೆ 1983ರ ಮಾರ್ಚ್ 18, ಅಟ್ಲಾಂಟಿಕ್ ಸಿಟಿ. ಕಾವಿ ಮತ್ತು ಮೈಕೆಲ್ ಸ್ಪಿಂಕ್ಸ್, ಬೇರೆ ಬೇರೆ ಸಂಸ್ಥೆಗಳು ಕೊಡುವ ಎರಡು ಬೆಲ್ಟ್ (ಚಾಂಪಿಯನ್ ಪಟ್ಟ) ಒಂದಾಗುವ ಫೈಟ್. ನಾಕೌಟ್‌ಗಾಗಿ ಕಾದರೆ ಬೇಜಾರಾಗುತ್ತದೆ. ಸ್ಪಿಂಕ್ಸ್ ತನ್ನ ಹೆಸರುವಾಸಿ ಬಲಗೈಯನ್ನು ಬದಿಗಿಟ್ಟು, ಎಡಗೈ ಜ್ಯಾಬ್ (ಮುಂದಿನ ಕೈಯಿಂದ ನೇರವಾಗಿ ಚುಚ್ಚುವ ಚುರುಕು ಗುದ್ದು) ಮೇಲೇ 15 ರೌಂಡ್ ದಾಟಿಸಿದ. ನನ್ನ ಹಾಳೆಯಲ್ಲೂ ಅವನೇ ಗೆದ್ದ. ಎರಡು ವರ್ಷದ ಮೇಲೆ ಇದೇ ಸ್ಪಿಂಕ್ಸ್ 48 ಫೈಟ್ ಸೋಲದ ಲ್ಯಾರಿ ಹೋಮ್ಸ್‌ನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. ಲೈಟ್ ಹೆವಿವೇಟ್ ಚಾಂಪಿಯನ್ ಆಗಿರುವಾಗಲೇ ಅದನ್ನು ಸಾಧಿಸಿದ ಮೊದಲಿಗ ಅವನು.

ಈ ಕಾಲದ ರುಚಿಗೆ ಇನ್ನೊಂದು ಕಾರಣವಿದೆ. ಮೇಲೆ ಹೇಳಿದವುಗಳಲ್ಲಿ ಗಲಿಂಡೆಜ್ ಗೆದ್ದದ್ದು 15ರಲ್ಲಿ, ಸಾದ್ 14ರಲ್ಲಿ. ಹಿಂದಕ್ಕೆ ಹೋದರೆ 1954ರಲ್ಲಿ ಮೂರ್ ಹೆರಾಲ್ಡ್ ಜಾನ್ಸನ್‌ನನ್ನು ಮುಗಿಸಿದ್ದೂ 14ರಲ್ಲೇ. 1982ರಲ್ಲಿ ರೇ ಮನ್ಸೀನಿ ಜೊತೆಗಿನ ಫೈಟ್ ನಂತರ ಲೈಟ್‌ವೇಟ್ ಬಾಕ್ಸರ್ ಡುಕ್ ಕೂ ಕಿಮ್ ಸತ್ತ ಮೇಲೆ ಪಟ್ಟದ ಫೈಟ್‌ಗಳು ಒಂದೊಂದಾಗಿ 15ರಿಂದ 12 ರೌಂಡಿಗೆ ಇಳಿದವು. ಆಗಬೇಕಾದ ಬದಲಾವಣೆಯೇ. ಆದರೆ ನೋಡುವವನಿಗೆ ಆ ಕೊನೆಯ ಮೂರು ರೌಂಡ್‌ನಲ್ಲಿ ಸಿಗುತ್ತಿದ್ದದ್ದು ಆಮೇಲೆ ಸಿಗಲಿಲ್ಲ.

ಇನ್ನು ರಾಯ್ ಜೋನ್ಸ್. ಒಬ್ಬನೇ ಬಾಕ್ಸರ್ ಅಂತ ಲೆಕ್ಕ ಹಾಕಿದರೆ ಐದು ಸ್ಟಾರ್, ಕಾಲ ಅಂತ ಲೆಕ್ಕ ಹಾಕಿದರೆ ಎರಡೂವರೆ. 1998ರಲ್ಲಿ ವರ್ಜಿಲ್ ಹಿಲ್ ಪಕ್ಕೆಗೆ ಹಾಕಿದ ಆ ಒಂದು ಬಲಗೈ ಗುದ್ದು ಸಾಕು, ಅವನ ಬಗ್ಗೆ ಬೇರೆ ಮಾತೇ ಬೇಡ. 2002ರಲ್ಲಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತು, ಅಲ್ಲಿಂದಲೇ ಗುದ್ದಿ ಗ್ಲೆನ್ ಕೆಲ್ಲಿಯನ್ನು ಕೆಡವಿದ. ಮಜಾ ಇದೆ, ಆದರೆ ಅದನ್ನು ನೋಡುವಾಗಲೇ ಗೊತ್ತಾಗುತ್ತದೆ, ಎದುರಿಗಿದ್ದವನು ಸಾಟಿಯಲ್ಲ. ಸಾಟಿಯಾಗಬಹುದಾಗಿದ್ದ ಡೇರಿಯುಸ್ ಮಿಖಾಲ್ಚೆವ್ಸ್ಕಿ ಜರ್ಮನಿಯಲ್ಲಿ ಇನ್ನೊಂದು ಬೆಲ್ಟ್ ಇಟ್ಟುಕೊಂಡು 23 ಸಲ ಉಳಿಸಿಕೊಂಡ. ಜೋನ್ಸ್ ಅಲ್ಲಿಗೆ ಹೋಗಲಿಲ್ಲ, ಅವನು ಅಮೆರಿಕಕ್ಕೆ ಬರಲಿಲ್ಲ. 2004ರ ಮೇ 15ರಂದು ಆಂಟೋನಿಯೋ ಟಾರ್ವರ್ ಎಡಗೈಯಿಂದ ಜೋನ್ಸ್‌ನನ್ನು ಎರಡನೇ ರೌಂಡ್‌ನಲ್ಲಿ ಮಲಗಿಸಿದ. ಅಭಿಮಾನಿಗಳು ಇದನ್ನು ಬಿಟ್ಟು ಮಿಕ್ಕದ್ದೆಲ್ಲ ನೋಡುತ್ತಾರೆ.

ಇತ್ತೀಚಿನ ಹತ್ತು ಹನ್ನೆರಡು ವರ್ಷಕ್ಕೆ ನಾಲ್ಕು ಸ್ಟಾರ್. 2016ರಲ್ಲಿ ರಷ್ಯಾದ ಸೆರ್ಗೆಯ್ ಕೊವಲೆವ್ ಅಮೆರಿಕದ ಆಂಡ್ರೆ ವಾರ್ಡ್‌ನನ್ನು ಎರಡನೇ ರೌಂಡ್‌ನಲ್ಲಿ ಬೀಳಿಸಿದರೂ ಮೂವರು ಜಡ್ಜ್‌ಗಳೂ 114-113 ಅಂಕ ಅಂತ ವಾರ್ಡ್‌ಗೇ ಕೊಟ್ಟರು. ನನ್ನ ಹಾಳೆಯಲ್ಲಿ ಗೆದ್ದವನು ಕೊವಲೆವ್. 2022ರಲ್ಲಿ ಡಿಮಿಟ್ರಿ ಬಿವೋಲ್ ಮೆಕ್ಸಿಕೋದ ಹೆಸರುವಾಸಿ ಬಾಕ್ಸರ್ ಕನೆಲೋ ಅಲ್ವಾರೆಜ್‌ನನ್ನು ಸೋಲಿಸಿದ. ನಂತರ ಆರ್ತುರ್ ಬೆಟರ್ಬಿಯೆವ್ ಮತ್ತು ಬಿವೋಲ್, ಸೌದಿಯ ರಿಯಾದ್‌ನಲ್ಲಿ, 2024ರ ಅಕ್ಟೋಬರ್ ಮತ್ತು 2025ರ ಫೆಬ್ರವರಿ. ಮೊದಲನೆಯದು ಬೆಟರ್ಬಿಯೆವ್‌ಗೆ, ಎರಡನೆಯದು ಬಿವೋಲ್‌ಗೆ. ಎರಡು ಸಲವೂ ಒಬ್ಬ ಜಡ್ಜ್ 114-114, ಅಂದರೆ ಸಮ ಅಂತ ಕೊಟ್ಟರು. ಬೆಟರ್ಬಿಯೆವ್ ಆ ಮೊದಲನೆಯದರವರೆಗೆ 20 ಫೈಟ್‌ನಲ್ಲಿ 20 ನಾಕೌಟ್ ಮಾಡಿದ್ದವನು. ಈ ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಗುದ್ದಿನ ಬಲ ಒಬ್ಬನದು, ಕಾಲಿನ ಚುರುಕು ಇನ್ನೊಬ್ಬನದು. ಎರಡೂ ಫೈಟ್‌ಗೆ ಇನ್ನು ಮೂರು ರೌಂಡ್ ಇದ್ದಿದ್ದರೆ ಬೆಟರ್ಬಿಯೆವ್ ಎರಡನ್ನೂ ಗೆಲ್ಲುತ್ತಿದ್ದ ಅನ್ನುವುದು ನನ್ನ ವಾದ. ಬಿವೋಲ್ ಕಡೆಯವರು ಒಪ್ಪುವುದಿಲ್ಲ, ಬಿಡಿ.

ಹೊಸಬರಿಗೆ ನನ್ನ ಸಲಹೆ: ಮೊದಲು ಸಾದ್–ಲೋಪೆಜ್ ಎರಡನೆಯದು, ಆಮೇಲೆ ಮೂರ್–ಡ್ಯುರೆಲ್, ಆಮೇಲೆ ರಿಯಾದ್‌ನ ಎರಡು. ಸ್ಪಿಂಕ್ಸ್–ಕಾವಿಯನ್ನು ಮಾತ್ರ ಆತುರದಲ್ಲಿ ನೋಡಬೇಡಿ. ಅದು ಜ್ಯಾಬ್ ಅಂದರೇನು ಅಂತ ಗೊತ್ತಾದ ಮೇಲೆ ನೋಡಬೇಕಾದ್ದು.