ಮಾಡೆಲ್ ಕಟ್ಟಲು ಹೊರಟವರೇ, ದೊಡ್ಡ ಟೂಲ್ ಸೆಟ್ ಕೊಳ್ಳಬೇಡಿ

ಹೊಸದಾಗಿ ಸ್ಕೇಲ್ ಮಾಡೆಲ್ (ನಿಜವಾದ ವಿಮಾನ, ವಾಹನಗಳ ಪುಟ್ಟ ಪ್ರತಿಕೃತಿ) ಕಟ್ಟುವವರಿಗೆ ಅಂತ ಹತ್ತಾರು ಸಾಮಾನನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಅಂಥದ್ದೊಂದು ಸೆಟ್ ನನ್ನ 1/72 ಅಳತೆಯ, ಅಂದರೆ ನಿಜವಾದದ್ದಕ್ಕಿಂತ 72 ಪಟ್ಟು ಚಿಕ್ಕದಾದ, ವಿಮಾನವನ್ನು ಹಾಳು ಮಾಡಿತು, ಹೆಬ್ಬೆರಳನ್ನೂ ಕುಯ್ದಿತು.

ಮೊದಲು ಕೈಕೊಟ್ಟಿದ್ದು ನಿಪ್ಪರ್, ಅಂದರೆ ಭಾಗಗಳನ್ನು ಕತ್ತರಿಸಿ ಬಿಡಿಸುವ ಇಕ್ಕಳ. ಮಾಡೆಲ್‌ನ ಭಾಗಗಳು ಸ್ಪ್ರೂ ಎನ್ನುವ ಪ್ಲಾಸ್ಟಿಕ್ ಚೌಕಟ್ಟಿಗೆ ಸಣ್ಣ ಕೊಂಡಿಗಳಲ್ಲಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಬಾಯಿ ತೆಳ್ಳಗಿರುವ, ಒಂದು ಬದಿ ಚಪ್ಪಟೆಯಾಗಿರುವ ನಿಪ್ಪರ್ ಬೇಕು. ಸೆಟ್‌ನಲ್ಲಿ ಇದ್ದದ್ದು ವೈರ್ ಕತ್ತರಿಸುವ ದಪ್ಪ ಕಟ್ಟರ್. ಬಾಯಿ ಮುಚ್ಚಿ ಬೆಳಕಿಗೆ ಹಿಡಿದರೆ ಅಲಗುಗಳ ನಡುವೆ ಸಂದು ಕಾಣುತ್ತಿತ್ತು. ಅಂಥದ್ದು ಕತ್ತರಿಸುವುದಿಲ್ಲ, ಹಿಂಡುತ್ತದೆ. ಮಾಡೆಲ್‌ನ ಪ್ಲಾಸ್ಟಿಕ್, ಅಂದರೆ ಪಾಲಿಸ್ಟೈರೀನ್, ಹಿಂಡಿಸಿಕೊಂಡ ಜಾಗ ಬೆಳ್ಳಗಾಗುತ್ತದೆ. ಕೆಲವೊಮ್ಮೆ ಭಾಗದ ಚೂರೇ ಕಿತ್ತು ಬರುತ್ತದೆ. ಚಕ್ರದ ತೆಳು ಕಾಲು ಹಾಗೇ ಎರಡು ತುಂಡಾಯಿತು, ಎಷ್ಟು ಹೊಟ್ಟೆ ಉರಿಯಿತು ಅಂತ ಹೇಳಲಾರೆ. ಒಳ್ಳೆ ನಿಪ್ಪರ್ ಸಿಕ್ಕರೂ ಒಂದೇ ಸಲಕ್ಕೆ ಅಂಚಿನಲ್ಲಿ ಕತ್ತರಿಸಬೇಡಿ. ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ ಭಾಗವನ್ನು ಬಿಡಿಸಿ. ಆಮೇಲೆ ಚಪ್ಪಟೆ ಬದಿಯನ್ನು ಭಾಗದ ಕಡೆಗಿಟ್ಟು ಉಳಿದ ಮೋಟು ತೆಗೆಯಿರಿ. ಆ ನಿಪ್ಪರ್‌ನಲ್ಲಿ ತಂತಿ ಕತ್ತರಿಸಲೇಬೇಡಿ, ಬಾಯಿ ಹೋಗುತ್ತದೆ.

ಚಾಕುವಿನ ಕಥೆ ಇನ್ನೂ ಅಪಾಯದ್ದು. ಬ್ಲೇಡನ್ನು ಕಚ್ಚಿ ಹಿಡಿಯಬೇಕಾದ ಬಾಯಿ ಎಷ್ಟು ಬಿಗಿ ಮಾಡಿದರೂ ಸಡಿಲವಾಗುತ್ತಿತ್ತು. ಕೊಯ್ಯುವಾಗ ಬ್ಲೇಡ್ ತಿರುಗಿ ನೇರ ಹೆಬ್ಬೆರಳಿಗೆ ಬಿತ್ತು. ಹೊಸ ಚಾಕು ತಂದರೆ ಮೊದಲು ಬ್ಲೇಡಿನ ತುದಿಯನ್ನು ಕಟಿಂಗ್ ಮ್ಯಾಟ್ ಮೇಲೆ ಮೆಲ್ಲಗೆ ಒತ್ತಿ ಅಲುಗಾಡಿಸಿ ನೋಡಿ. ಕದಲಿದರೆ ವಾಪಸ್ ಕೊಟ್ಟುಬಿಡಿ. 11ನೇ ನಂಬರಿನ ಚೂಪು ಬ್ಲೇಡ್‌ಗಳು ಜಾಸ್ತಿ ಇರಲಿ. ಬ್ಲೇಡ್ ಮೊಂಡಾದರೆ ಜೋರಾಗಿ ಒತ್ತಬೇಕಾಗುತ್ತದೆ, ಒತ್ತಿದಾಗಲೇ ಅಲ್ವಾ ಜಾರುವುದು?

ಸೆಟ್‌ನಲ್ಲಿ ಸೂಪರ್ ಗ್ಲೂ ಇತ್ತು, ಎಲ್ಲಾ ಭಾಗಗಳಿಗೂ ಇದೇ ಸಾಕು ಅಂತ ಚೀಟಿಯಲ್ಲಿ ಬರೆದಿದ್ದರು. ಅದು ಸುಳ್ಳು. ಅದರ ಆವಿಗೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳದ ಮೇಲೆಲ್ಲ ಬಿಳಿ ಮಬ್ಬು ಹಿಡಿಯಿತು. ಅಂಥ ಭಾಗಗಳಿಗೆ ಪಿವಿಎ ಬಿಳಿ ಅಂಟು ಒಳ್ಳೆಯದು. ಉಳಿದ ಪಾಲಿಸ್ಟೈರೀನ್‌ಗೆ ತೆಳುವಾದ ಪ್ಲಾಸ್ಟಿಕ್ ಸಿಮೆಂಟ್ ತನ್ನಿ. ಅದು ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಭಾಗಗಳನ್ನು ಜೋಡಿಸಿ ಹಿಡಿದು ಸಂದಿಗೆ ಬ್ರಷ್ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿಯುತ್ತದೆ. ಕಿಟಕಿ ತೆರೆದಿಟ್ಟುಕೊಳ್ಳಿ. ಸೂಪರ್ ಗ್ಲೂ ಬೇಕಾಗುವುದು ಲೋಹ, ರೆಸಿನ್ ಭಾಗಗಳಿಗೆ.

ಅರಗಳ ಬಗ್ಗೆ ಹೇಳುವುದು ಕಡಿಮೆ. ಒರಟಾಗಿದ್ದವು, ಗೀರು ಬಿಟ್ಟವು. 400ರಿಂದ 1000 ಗ್ರಿಟ್‌ವರೆಗಿನ (ನಂಬರ್ ಹೆಚ್ಚಾದಷ್ಟೂ ನಯ) ವಾಟರ್ ಪೇಪರ್ ತಂದು ನೀರು ಹಚ್ಚಿ ಉಜ್ಜಿ. ಟ್ವೀಜರ್ ಕೊಳ್ಳುವಾಗ ತುದಿಗಳು ಸರಿಯಾಗಿ ಕೂಡುತ್ತವೆಯೇ ನೋಡಿ, ಇಲ್ಲದಿದ್ದರೆ ಸಣ್ಣ ಭಾಗ ಚಿಮ್ಮಿ ಹೋಗುತ್ತದೆ.

ಮೊದಲ ಮಾಡೆಲ್‌ಗೆ ಇಷ್ಟು ಸಾಕು. ಡ್ರಿಲ್, ಗರಗಸ ಎಲ್ಲ ಸುಮ್ನೆ ಪೆಟ್ಟಿಗೆ ತುಂಬಿಸಲು ಇಟ್ಟದ್ದು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ನಿಪ್ಪರ್‌ಗೆ ಹಾಕಿ.