ಮಲದ ಆಂಟಿಜೆನ್ ಕಾರ್ಡ್ ಪರೀಕ್ಷೆ: ದಾದರಿನ ಒಂದು ಪ್ರಯೋಗಾಲಯದಲ್ಲಿ ಕಂಡದ್ದು

ಮೂತ್ರಪಿಂಡ ಕಸಿಯಾಗಿ ನಾಲ್ಕು ವರ್ಷ ಕಳೆದಿರುವ ನಮ್ಮ ತಂದೆಯವರಿಗೆ ಈ ಮಳೆಗಾಲದಲ್ಲಿ ಹನ್ನೆರಡು ದಿನವಾದರೂ ನೀರಿನಂತಹ ಭೇದಿ ನಿಲ್ಲಲಿಲ್ಲ. ಮುಂಬೈನ ಮಾಟುಂಗಾದ ಮನೆಯ ಹತ್ತಿರವೇ ಮಾಡಿಸಿದ ಸಾಮಾನ್ಯ ಮಲಪರೀಕ್ಷೆಯ ವರದಿ ‘ಮೊಟ್ಟೆ, ಸಿಸ್ಟ್ ಕಂಡುಬಂದಿಲ್ಲ’ ಎಂದಿತು. ಅದನ್ನು ನಂಬಿ ಐದು ದಿನ ಸುಮ್ಮನೆ ಕಳೆದೆವು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯ ಊಸಿಸ್ಟ್ (ಮಲದಲ್ಲಿ ಹೊರಬೀಳುವ ಅದರ ಗಟ್ಟಿ ಕವಚದ ರೂಪ) ಬರೇ 4ರಿಂದ 6 ಮೈಕ್ರಾನ್ ಗಾತ್ರದ್ದು, ನೋಡಲು ಯೀಸ್ಟ್ ಕಣದಂತೆಯೇ ಇರುವುದರಿಂದ ಆಸಿಡ್‌ಫಾಸ್ಟ್ ಎಂಬ ವಿಶೇಷ ಬಣ್ಣ ಹಾಕದಿದ್ದರೆ ಕಣ್ತಪ್ಪಿಹೋಗುತ್ತದೆ ಎಂದು ಆಮೇಲೆ ತಿಳಿಸಿದ ಮೂತ್ರಪಿಂಡ ತಜ್ಞರು, ಮಲದಲ್ಲಿ ಪರಾವಲಂಬಿಯ ಅಂಶವನ್ನು (ಆಂಟಿಜೆನ್) ಹುಡುಕುವ ಕಾರ್ಡ್ ಪರೀಕ್ಷೆ ಬರೆದುಕೊಟ್ಟರು.

ದಾದರಿನ ಪ್ರಯೋಗಾಲಯಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿ ಕೊಟ್ಟೆ. ಹನ್ನೊಂದರೊಳಗೆ ಫಲಿತಾಂಶ ಕೈಗೆ ಬಂತು. ನಾನು ಕೇಳಿಕೊಂಡಾಗ ತಂತ್ರಜ್ಞೆ ಬೇಸರಿಸದೆ ಕಾರ್ಡನ್ನು ತೋರಿಸಿದರು. ದ್ರಾವಣದಲ್ಲಿ ಕಲಸಿದ ಮಾದರಿಯ ಕೆಲವು ಹನಿಗಳನ್ನು ಹಾಕಿ ಹತ್ತು ನಿಮಿಷ ಕಾಯುವುದರೊಳಗೆ, ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗಾಢವಾದ ಕಂಟ್ರೋಲ್ ಗೆರೆಯ ಪಕ್ಕದಲ್ಲಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ತೆಳುವಾದ ಇನ್ನೊಂದು ಗೆರೆ ಮೂಡಿತ್ತು. ತೆಳುವಾದರೂ ಅದು ಪಾಸಿಟಿವ್ ಎಂದೇ ಲೆಕ್ಕ ಎಂದ ಅವರು, ಅಷ್ಟಕ್ಕೇ ನಿಲ್ಲದೆ ಆಸಿಡ್‌ಫಾಸ್ಟ್ ಸ್ಲೈಡ್ ಕೂಡ ಮಾಡಿ, ನೀಲಿ ಹಿನ್ನೆಲೆಯಲ್ಲಿ ಕೆಂಪಾದ ದುಂಡು ಕಣಗಳನ್ನು ನನ್ನ ಕಣ್ಣಿಗೇ ತೋರಿಸಿ ಖಾತ್ರಿಪಡಿಸಿದರು. ಇಷ್ಟು ಕಾಳಜಿಯ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಈ ವೇಗ ನಮಗೆ ಸಣ್ಣ ವಿಷಯವಾಗಿರಲಿಲ್ಲ. ಗಟ್ಟಿಮುಟ್ಟಾದವರಲ್ಲಿ ಈ ಸೋಂಕು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಆದರೆ ಕಸಿಯಾದವರಲ್ಲಿ ಭೇದಿಯಿಂದ, ದೇಹವು ಕಸಿಯ ಅಂಗವನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಔಷಧದ ಪ್ರಮಾಣ ರಕ್ತದಲ್ಲಿ ಏರಿ, ಕಸಿಮಾಡಿದ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ತಂದೆಯವರ ಪ್ರಮಾಣವೂ ಏರಿತ್ತು, ವೈದ್ಯರು ಅದೇ ದಿನ ಡೋಸ್ ಇಳಿಸಿದರು. ರೋಗನಿರೋಧಕ ಶಕ್ತಿ ಕುಂದಿದವರ ದೇಹ ಸೋಂಕಿನ ವಿರುದ್ಧ ಸಾಕಷ್ಟು ಪ್ರತಿಕಾಯ (ಆಂಟಿಬಾಡಿ) ಮಾಡದಿರಬಹುದಾದ್ದರಿಂದ, ಪ್ರತಿಕಾಯ ಹುಡುಕುವ ಪರೀಕ್ಷೆಗಿಂತ ಪರಾವಲಂಬಿಯ ಅಂಶವನ್ನೇ ಹಿಡಿಯುವ ಆಂಟಿಜೆನ್ ಪರೀಕ್ಷೆ ಇಂಥವರಿಗೆ ಹೆಚ್ಚು ಒಗ್ಗುತ್ತದೆ. ಇನ್ನೊಂದು ಪರಾವಲಂಬಿ ರೋಗವಾದ ಕಾಲಾ ಅಜಾರ್‌ಗೆ ಬಳಸುವ ಆರ್‌ಕೆ39 ಎಂಬ, ಪ್ರತಿಕಾಯ ಹುಡುಕುವ ಪಟ್ಟಿಯೂ ಎಚ್‌ಐವಿ ಇರುವ ಕೆಲವರಲ್ಲಿ ಸೋಂಕನ್ನು ಪತ್ತೆಹಚ್ಚದೆ ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ಒಂದು ಆಕ್ಷೇಪ ಮಾತ್ರ ಇದೆ. ವರದಿಯಲ್ಲಿ ‘ಪರಾವಲಂಬಿ ಆಂಟಿಜೆನ್: ಪಾಸಿಟಿವ್’ ಎಂದಷ್ಟೇ ಅಚ್ಚಾಗಿತ್ತು. ಅವರ ಕಾರ್ಡ್ ಹುಡುಕುವುದು ಕ್ರಿಪ್ಟೊಸ್ಪೊರಿಡಿಯಂ, ಜಿಯಾರ್ಡಿಯಾ, ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಮೂರನ್ನು. ಭೇದಿ ತರುವ ಇತರ ಪರಾವಲಂಬಿಗಳಾದ ಸೈಕ್ಲೊಸ್ಪೋರಾ, ಸಿಸ್ಟೊಐಸೊಸ್ಪೋರಾ ಅದರಲ್ಲಿಲ್ಲ. ಸ್ಟಿರಾಯ್ಡ್ ತೆಗೆದುಕೊಳ್ಳುವವರ ದೇಹದೊಳಗೇ ವೃದ್ಧಿಯಾಗಿ ಪ್ರಾಣಕ್ಕೆ ಎರವಾಗಬಲ್ಲ ಸ್ಟ್ರಾಂಗಿಲಾಯ್ಡಿಸ್ ಹುಳುವೂ ಇಲ್ಲ. ನೆಗೆಟಿವ್ ಬಂದವರು ಇದನ್ನರಿಯದೆ ನೆಮ್ಮದಿಯಿಂದ ಮನೆಗೆ ಹೋದರೆ, ನಮ್ಮ ಆ ಐದು ದಿನಗಳು ಅವರಿಗೂ ಮರುಕಳಿಸುತ್ತವೆ. ಕೌಂಟರಿನಲ್ಲಿ ಕೇಳಿದಾಗ ತಂತ್ರಜ್ಞೆ ಮೂರೂ ಹೆಸರುಗಳನ್ನು ಪೆನ್ನಿನಲ್ಲಿ ಬರೆದು ಮುದ್ರೆ ಒತ್ತಿಕೊಟ್ಟರು. ಕೇಳದವರ ವರದಿಯಲ್ಲೂ ಆ ಮೂರು ಹೆಸರುಗಳು ಅಚ್ಚಾಗಿಯೇ ಬರಬೇಕೆಂದು ಅವರ ದೂರುಪುಸ್ತಕದಲ್ಲಿ ಬರೆದು ಬಂದಿದ್ದೇನೆ.